ಇಪ್ಪತ್ತು ಕಿಲೋ ಹೆಚ್ಚಿದ್ದ ಕಾರು

ಮಳವಳ್ಳಿಯ ಪುಟ್ಟಮಾದಮ್ಮನ ಹಳೇ ಚಿಕ್ಕ ಕಾರನ್ನು ನಾನು ಕೊಂಡಿದ್ದು ಆಟೋಕ್ರಾಸ್‌ಗೆ, ಅಂದರೆ ಮೈದಾನದಲ್ಲಿ ಕೋನ್‌ಗಳ ನಡುವೆ ಯಾರು ಬೇಗ ಓಡಿಸುತ್ತಾರೆ ಎಂಬ ಪಂದ್ಯಕ್ಕೆ. ಅವಳ ಮೊಮ್ಮಗಳು ದೀಪಿಕ, ಹಲ್ಲು ಬೀಳುವ ವಯಸ್ಸು, ಜ್ವರ ಬಂದು ಆಸ್ಪತ್ರೆಯ ದಾರಿಯಲ್ಲಿ ಸತ್ತಿದ್ದು ಅದರ ಹಿಂದಿನ ಸೀಟಿನಲ್ಲೇ. ನನಗೇನು, ಇಂಜಿನ್ ಚೆನ್ನಾಗಿತ್ತು.

ಇಂಜಿನ್ ಬಿಚ್ಚುವಂತಿಲ್ಲ, ಭಾರ ಇಳಿಸಬಹುದು ಎಂಬುದು ಪಂದ್ಯದ ನಿಯಮ. ಸ್ಟೆಪ್ನಿ, ಜಾಕು, ಮ್ಯಾಟು ತೆಗೆದು, ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಕಾರು ನಿಲ್ಲಿಸಿ ಇಳಿದೆ. ಏಳುನೂರು ಕಿಲೋ ಬರಬೇಕಿತ್ತು. ಏಳುನೂರ ಇಪ್ಪತ್ತು ಬಂತು.

"ಇಂದ್ಗಡೆ ಏನೋ ಬುಟ್ಟಿದ್ದೀಯ ಕಣ್ಲಾ," ಅಂದ ತೂಕದ ಸಿದ್ದರಾಜು. ಹುಡುಕಿದೆವು, ಏನೂ ಇರಲಿಲ್ಲ. ಉರಿಬಿಸಿಲಿನಲ್ಲೂ ಹಿಂದಿನ ಸೀಟು ಮಾತ್ರ ತಣ್ಣಗಿತ್ತು.

ಪುಟ್ಟಮಾದಮ್ಮ ದಿನಾ ಬೆಳಗ್ಗೆ ನನ್ನ ಶೆಡ್ಡಿಗೆ ಬಂದು ಕಾರಿನ ಕಿಟಕಿಯಿಂದ ಬಾಳೆಹಣ್ಣು ಇಟ್ಟು ಹೋಗುತ್ತಿದ್ದಳು. ಸಂಜೆಗೆ ಸಿಪ್ಪೆ ಮಾತ್ರ ಉಳಿದಿರುತ್ತಿತ್ತು. ನಾನು ಗಾಜು ಏರಿಸಿ ಬೀಗ ಹಾಕಿದೆ.

"ಕೂಸು ಅಸ್ಕೊಂಡಿರ್ತದೆ ಕಣಪ್ಪ," ಅಂದಳು.

"ಅಸ್ಕೊಂಡಿರ್ಲಿ ಬುಡಮ್ಮ, ತೂಕ ಇಳೀಬೇಕು," ಅಂದೆ.

ಮುಂದಿನ ಭಾನುವಾರ ಏಳುನೂರ ಹದಿನೈದು. ಅದರಾಚೆ ವಾರ ಏಳುನೂರ ಹತ್ತು. ಒಳಗಿನಿಂದ ಗಾಜು ಬಡಿಯುವ ಸದ್ದು ದಿನದಿನಕ್ಕೂ ಸಣ್ಣಗಾಗುತ್ತ ಬಂತು. ಪಂದ್ಯದ ದಿನ ಸರಿಯಾಗಿ ಏಳುನೂರು. ಮೊದಲ ಬಹುಮಾನ ನನಗೇ ಬಂತು, ಕಪ್ ಈಗಲೂ ಟಿವಿ ಪಕ್ಕದಲ್ಲಿದೆ.

ಮಾರನೇ ದಿನ ಕಾರು ತೊಳೆಯುವಾಗ ನೋಡಿದೆ. ಹಿಂದಿನ ಸೀಟಿನ ಬೆಲ್ಟು ಅರ್ಧಕ್ಕರ್ಧ ಅಗಿದುಹೋಗಿತ್ತು. ಇಲಿ ಅಂದುಕೊಂಡೆ. ಹಲ್ಲಿನ ಗುರುತುಗಳು ಸಣ್ಣಗೆ, ಸಾಲಾಗಿ ಮೂಡಿದ್ದವು. ಮುಂದಿನ ಎರಡು ಹಲ್ಲಿನ ಜಾಗ ಮಾತ್ರ ಖಾಲಿ ಇತ್ತು.