ಪಕ್ಕದ ಸೀಟಿನ ನಲವತ್ತೆರಡು ಕಿಲೋ

ಅಪಘಾತ ಕಡಿಮಿ ಆಗಲಿ ಅಂತ ಲಾರಿಯೊಳಗ ಒಂದು ಪೆಟ್ಟಿಗಿ ಕೂಡಸೋದು ನನ್ನ ಕೆಲಸ. ಬ್ರೇಕು, ವೇಗ, ಸೀಟಿನ ಮ್ಯಾಲಿನ ಭಾರ ಎಲ್ಲಾ ಅದು ಬರಕೋತೈತಿ. ಇಳಕಲ್‌ನಿಂದ ಬಾದಾಮಿಗೆ ಕಲ್ಲು ಒಯ್ಯೋ ಹುಲ್ಲಪ್ಪನ ಲಾರಿ ದಿನಾ ಮಧ್ಯಾಹ್ನ ಹುನಗುಂದ ದಾಟಿ ಒಂದ ಕಡೆ ನಿಲ್ತಿತ್ತು. ಅಲ್ಲಿಂದ ಬಾದಾಮಿ ಮಟ ಪಕ್ಕದ ಸೀಟಿನ ಮ್ಯಾಲ ನಲವತ್ತೆರಡು ಕಿಲೋ.

"ನಾ ಯಾರನ್ನೂ ಹತ್ತಿಸ್ಕೊಳ್ಳಂಗಿಲ್ರಿ. ಅಲ್ಲಿ ಕಾಲು ತಾನ ಬ್ರೇಕ್ ಒತ್ತತೈತಿ," ಅಂದ ಹುಲ್ಲಪ್ಪ.

ಮರುದಿನ ಆ ಸೀಟಿನ್ಯಾಗ ನಾನ ಕುಂತ್ನಿ. ಲಾರಿ ಅದ ಜಾಗಾದಾಗ ನಿಂತಿತು.

"ಜರಾ ಸರಿ ತಮ್ಮಾ," ಅಂತು ಹೆಣ್ಣಿನ ದನಿ. ಬಸ್ಸಿನ ರೂಢಿ, ನೋಡದನ ಸರದ್ನಿ.

"ಯಾಕ ಸರದ್ರಿ?" ಅಂದ ಹುಲ್ಲಪ್ಪ.

ಆ ಬಿಸಲಾಗೂ ನನ್ನ ಎಡತೊಡಿ ತಣ್ಣಗಾಗಿತ್ತು.

ಶಿವಯೋಗ ಮಂದಿರದ ಕ್ರಾಸಿಗೆ ನಾ ಒಬ್ಬನ ಇಳದ್ನಿ. ಅಲ್ಲಿಂದ ಮುಂದ ಬಾದಾಮಿ ಮಟ ಸೀಟು ಖಾಲಿ ಅಂತ ಪೆಟ್ಟಿಗಿ ಬರದೈತಿ.

ಅವತ್ತಿನಿಂದ ಹುಲ್ಲಪ್ಪನ ಲಾರಿ ಹುನಗುಂದ ದಾಟಿ ಎಲ್ಲೂ ನಿಂತಿಲ್ಲ.