ಆರ್ವೋ ದಡ ಸೇರಿದ್ದು

ಐಲಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಅಮ್ಮಾ, ಒಂದು ನಿಮಿಷ ಕೂತ್ಕೋ," ಎಂದ ಮಗ ಕಾರ್ಲ್. "ಬೆಳಿಗ್ಗೆಯಿಂದ ಓಡಾಡ್ತಾನೇ ಇದ್ದೀಯ."

ಕೂತರೆ ಎದುರಿನ ಖಾಲಿ ಕುರ್ಚಿಯನ್ನು ನೋಡಬೇಕು. ಅವಳು ಕೂರಲಿಲ್ಲ.

ಗಂಡ ಆರ್ವೋ ತೀರಿಕೊಂಡದ್ದು ಮೊನ್ನೆ. ನದಿ ದಡದ ಊರು ಆಸ್ಟೋರಿಯಾದ ಫಿನ್ನಿಷ್ ಮೂಲದವರ ಮನೆಗಳಿಂದೆಲ್ಲ ಏಲಕ್ಕಿ ಬ್ರೆಡ್ಡು ಬಂದು ಮೇಜು ತುಂಬಿತ್ತು. ಬಂದವರೆಲ್ಲ ಆಡಿದ್ದು ಒಂದೇ ಮಾತು: ಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಧೀರ, ಆಮೇಲೆ ಸ್ಕೂಲ್ ಬಸ್ ಓಡಿಸಿಕೊಂಡು ಯಾವ ಮಗುವಿನ ಮೇಲೂ ರೇಗದವನು, ಹೆಂಡತಿ ಮಕ್ಕಳೆಂದರೆ ಪ್ರಾಣ.

"ನೇವಿಯವರ ಹತ್ರ ಮಾತಾಡಿದೆ," ಕಾರ್ಲ್‌ನ ದನಿಯಲ್ಲಿ ಹೆಮ್ಮೆಯಿತ್ತು. "ಅಪ್ಪನ್ನ ಹಡಗಲ್ಲಿ ಕರ್ಕೊಂಡ್ಹೋಗಿ, ಪೂರ್ತಿ ಗೌರವದಿಂದ ಸಮುದ್ರಕ್ಕೆ ಒಪ್ಪಿಸ್ತಾರಂತೆ. ಅಪ್ಪನಿಗೆ ಇದಕ್ಕಿಂತ ಇನ್ನೇನು ಬೇಕು? ನಾಳೆ ನಾವು ಹೂಂ ಅಂದ್ರೆ ಸಾಕು."

ಐಲಿ ಹೂಂ ಎನ್ನಲಾರಳು. ಯಾಕೆ ಬೇಡವೆಂದು ಹೇಳಲೂ ಆಗದು. ಹೇಳುವುದಿಲ್ಲವೆಂದು ಆರ್ವೋಗೆ ಮಾತು ಕೊಟ್ಟಿದ್ದಳು. ಕೋಟು ತೊಟ್ಟು ಹಿತ್ತಲಿಗೆ ಹೋದಳು, ಬೇಲಿಯವರೆಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಕೆಳಗೆ ಕೊಲಂಬಿಯಾ ನದಿ ಬೂದು ಬಣ್ಣದಲ್ಲಿ ಹರಡಿಕೊಂಡಿತ್ತು.

ಅವಳ ಹರೆಯದಲ್ಲಿ ಆ ನದಿಗೆ ಇಲ್ಲಿ ಸೇತುವೆ ಇರಲಿಲ್ಲ, ಜನರನ್ನು ದಾಟಿಸಲು ಫೆರ್ರಿ ಹಡಗೊಂದೇ. ಅದರ ಕಾಫಿ ಕೌಂಟರಿನಲ್ಲಿ ಐಲಿಗೆ ಕೆಲಸ, ಜೊತೆಗೆ ಗೆಳತಿ ಲೆಂಪಿ. ಯುದ್ಧ ಮುಗಿದು ಹುಡುಗರು ಊರಿಗೆ ಮರಳುತ್ತಿದ್ದ ಕಾಲ.

ಆರ್ವೋ ದಿನವೂ ಬಂದು ಎದುರಿನ ಬೆಂಚಿನಲ್ಲಿ ಕೂರುತ್ತಿದ್ದ. ಆಚೆ ದಡ ಬಂದರೂ ಇಳಿಯುತ್ತಿರಲಿಲ್ಲ, ಅದೇ ಫೆರ್ರಿಯಲ್ಲಿ ವಾಪಸ್ಸು. ಅಷ್ಟು ಹೊತ್ತೂ ಕಣ್ಣು ಐಲಿಯ ಮೇಲೆ. ಕಪ್ಪು ತೊಳೆದರೆ ಅವಳ ಕೈಗಳ ಮೇಲೆ, ಕೂದಲು ಸರಿಪಡಿಸಿಕೊಂಡರೆ ಕತ್ತಿನ ಮೇಲೆ. ಮರಳು ಬಣ್ಣದ ರೆಪ್ಪೆ ಮಿಟುಕಿಸುವುದನ್ನೂ ಮರೆತಂತಹ ನೋಟ.

"ನಿನ್ನ ಪ್ಯಾಸೆಂಜರ್ ಬಂದ ನೋಡೇ," ಲೆಂಪಿ ಮೊಣಕೈಯಲ್ಲಿ ತಿವಿಯುತ್ತಿದ್ದಳು. "ಟಿಕೆಟ್ಟು ತಗೊಂಡಿರೋದು ನದಿಗೋ ನಿನಗೋ?"

"ಬಾಯ್ಮುಚ್ಚೇ ಸಾಕು."

ಹಾಗೆಂದವಳು ಮರುದಿನ ತಲೆಗೆ ಹೊಸ ನೀಲಿ ರಿಬ್ಬನ್ ಕಟ್ಟಿಕೊಂಡು ಬಂದಳು. ಅವತ್ತೂ ಅವನ ಬಾಯಿಂದ ಒಂದು ಮಾತಿಲ್ಲ. ಅವಳಿಗೆ ತಾಳ್ಮೆ ಕೆಟ್ಟಿತು. ಕಾಫಿ ಕಪ್ಪನ್ನು ಅವನ ಮುಂದೆ ಕುಕ್ಕಿದಳು.

"ನನ್ನ ಮುಖದಲ್ಲೇನು ಸಿನಿಮಾ ಓಡ್ತಿದ್ಯಾ?"

ಅವನು ಕಿವಿಯವರೆಗೂ ಕೆಂಪಾದ. "ಕ್ಷಮಿಸಿ. ಕಿಟಕಿ ಕಡೆ ನೋಡಕ್ಕಾಗಲ್ಲ. ಅದಕ್ಕೇ ನಿಮ್ಮನ್ನ ನೋಡ್ತೀನಿ."

"ಓಹೋ! ಕಿಟಕಿ ಚೆನ್ನಾಗಿಲ್ಲ ಅಂತ ನಾನಾ?"

"ಕಿಟಕಿಯಾಚೆ ನೀರಿದೆಯಲ್ಲ..."

ಬೆಂಚಿನ ಅಂಚನ್ನು ಹಿಡಿದಿದ್ದ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದುದನ್ನು ಐಲಿ ಆಗ ಕಂಡಳು. ಸಿಟ್ಟು ಎಲ್ಲಿ ಹೋಯಿತೋ, ಪಕ್ಕದಲ್ಲೇ ಕೂತುಬಿಟ್ಟಳು.

ಪೆಸಿಫಿಕ್‌ನಲ್ಲಿ ಅವನ ಹಡಗು ಮುಳುಗಿತ್ತು. ಬೇರೆ ಹಡಗು ಬರುವವರೆಗೂ ಗೆಳೆಯರೊಂದಿಗೆ ಒಂದೇ ಹಲಗೆ ಹಿಡಿದು ತೇಲಿದ್ದ. ಮೇಲೆತ್ತುವ ಹೊತ್ತಿಗೆ ಆ ಹಲಗೆಯ ಮೇಲಿದ್ದದ್ದು ಅವನ ಕೈಗಳು ಮಾತ್ರ.

"ಮತ್ತೆ ದಿನಾ ಯಾಕೆ ಇದನ್ನ ಹತ್ತೋದು?" ಅವಳು ಮೆಲ್ಲಗೆ ಕೇಳಿದಳು.

"ನಮ್ಮೂರಲ್ಲಿ ಎಲ್ಲಿ ತಿರುಗಿದ್ರೂ ನೀರು. ಅಭ್ಯಾಸ ಮಾಡ್ಕೊಳ್ಳೋಣ ಅಂತ. ಮೊದಮೊದಲು ಅದೊಂದೇ ಕಾರಣ."

"ಈಗ?"

ಅವನು ಮೊದಲ ಬಾರಿಗೆ ಕಣ್ಣು ತಗ್ಗಿಸಿದ. "ನೀಲಿ ರಿಬ್ಬನ್ ನಿಮಗೆ ತುಂಬಾ ಒಪ್ಪುತ್ತೆ."

ಮದುವೆಗೆ ಮುಂಚೆ ಐಲಿಯೇ ಕೇಳಿದ್ದಳು: "ಪೂರ್ವಕ್ಕೆ ಹೋಗಿಬಿಡೋಣ ಆರ್ವೋ. ಅಲ್ಲಿ ಬರೀ ಗೋಧಿ ಹೊಲ. ಕಣ್ಣಿಗೆ ನೀರೇ ಬೀಳಲ್ಲ."

"ನಿನ್ನ ಅಪ್ಪ, ಅಮ್ಮ, ನಿನ್ನ ನಗು ಎಲ್ಲ ಇಲ್ಲಿದೆ. ನಿನ್ನ ಮುಖ ಬಾಡಿದ್ಮೇಲೆ ನಾನು ಆ ಒಣ ನೆಲ ಇಟ್ಕೊಂಡು ಏನು ಮಾಡ್ಲಿ?"

ಹಾಗೆ ಉಳಿದ. ಬಿರುಗಾಳಿಯ ದಿನ ಕೋಣೆಯಿಂದ ಕೋಣೆಗೆ ಸುಮ್ಮನೆ ನಡೆಯುತ್ತಿದ್ದ. ಐಲಿ ಏನನ್ನೂ ಕೇಳದೆ ತೋಳಿಗೆ ತೋಳು ಸೇರಿಸಿ ಜೊತೆಗೆ ನಡೆಯುತ್ತಿದ್ದಳು. "ವಾಕಿಂಗ್ ಹೊರಟ್ರಾ ಸಾಹೇಬ್ರು?" ಎಂದು ಛೇಡಿಸಿದರೆ ಅವನ ಉಸಿರು ಹದಕ್ಕೆ ಬರುತ್ತಿತ್ತು. "ಮಕ್ಕಳಿಗೆ ಮಾತ್ರ ಗೊತ್ತಾಗೋದು ಬೇಡ ಐಲಿ, ನನ್ನ ಭಯ ಅವರಿಗೆ ಅಂಟೋದು ಬೇಡ," ಎನ್ನುತ್ತಿದ್ದ. ಇತ್ತೀಚೆಗೆ, ಕಾಯಿಲೆ ಬಲಿತ ಮೇಲೆ, ಇನ್ನೊಂದು ಮಾತು ಸೇರಿಸಿದ್ದ: "ನನ್ನನ್ನ ನೀರಿಗೆ ಕೊಡಬೇಡ."

ಎರಡೂ ಮಾತನ್ನು ಉಳಿಸಿಕೊಳ್ಳುವ ದಾರಿ ಐಲಿಗೆ ಹೊಳೆಯಲಿಲ್ಲ. ಒಂದನ್ನು ಮುರಿಯಲೇಬೇಕು. ಅವಳು ಒಳಗೆ ಬಂದಳು.

"ಕಾರ್ಲ್, ಅಪ್ಪನ್ನ ಸಮುದ್ರಕ್ಕೆ ಕೊಡಲ್ಲ. ನಿಮ್ಮಪ್ಪನಿಗೆ ನೀರು ಕಂಡ್ರೆ ಭಯ."

ಕಾರ್ಲ್ ನಕ್ಕೇಬಿಟ್ಟ. "ಏನಮ್ಮಾ ನೀನು! ನನಗೆ ಈಜು ಕಲಿಸಿದ್ದೇ ಅಪ್ಪ. ಎದೆಮಟ್ಟ ನೀರಲ್ಲಿ ನಿಂತ್ಕೊಂಡು, ನನ್ನ ಕೈ ಹಿಡ್ಕೊಂಡು..."

"ಹೂಂ. ನೀನೂ ಅವನ ಕೈ ಹಿಡ್ಕೊಂಡಿದ್ದೆ."

ಮಗನ ನಗು ಅಲ್ಲಿಗೇ ನಿಂತಿತು. ಐಲಿ ಹಡಗು, ಹಲಗೆ, ಫೆರ್ರಿ ಎಲ್ಲವನ್ನೂ ಹೇಳಿದಳು. ಕಾರ್ಲ್ ತನ್ನ ಅಂಗೈಯನ್ನೇ ನೋಡಿಕೊಂಡ. "ಅವತ್ತು ಅಪ್ಪನ ಕೈ ನಡುಗ್ತಿತ್ತಮ್ಮ," ಎಂದ. "ನೀರು ತಣ್ಣಗಿದೆ ಅಂತ ಅಂದ್ಕೊಂಡಿದ್ದೆ." ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

ಆರ್ವೋನನ್ನು ಗುಡ್ಡದ ಮೇಲಿನ ಸ್ಮಶಾನದಲ್ಲಿ, ಗಟ್ಟಿ ನೆಲದಲ್ಲಿ ಮಲಗಿಸಿದರು. ನೌಕಾಪಡೆಯ ಹುಡುಗರಿಬ್ಬರು ಬಾವುಟ ಮಡಚಿ ಐಲಿಯ ಕೈಗಿಟ್ಟು ಸೆಲ್ಯೂಟ್ ಹೊಡೆದರು. ಎಲ್ಲರೂ ಇಳಿದುಹೋದ ಮೇಲೂ ಅವಳು ನಿಂತೇ ಇದ್ದಳು.

ಕಾರ್ಲ್ ಬಂದು ಮೆಲ್ಲಗೆ ಕೇಳಿದ. "ನಿನಗೂ ಪಕ್ಕದಲ್ಲೇ ಜಾಗ ಕಾದಿರಿಸ್ಬಹುದಂತಮ್ಮ. ಎರಡು ಕಡೆನೂ ಖಾಲಿ ಇದೆ. ಆ ಮರದ ಕಡೆ ಹೇಳ್ಲಾ? ನೆರಳಿದೆ, ಗಾಳಿ ಕಮ್ಮಿ."

"ಬೇಡ. ಈ ಕಡೆ."

"ಇದು ನದಿ ಕಡೆ. ಚಳಿಗಾಲದಲ್ಲಿ ಗಾಳಿ ನೇರ ಹೊಡೆಯುತ್ತೆ."

"ಹೊಡೀಲಿ ಬಿಡು," ಎಂದಳು ಐಲಿ. "ಅಪ್ಪನಿಗೂ ನೀರಿಗೂ ಮಧ್ಯೆ ನಾನಿರ್ತೀನಿ."