ಗಾಳಿಯಾಗಿನ ನಳ

"ಇವನಿಗೇನ ಕೇಳ್ತೀರಿ ಮೇಡಂ. ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾಂವ. ತಲಿಯೊಳಗ ಬರೇ ಕೆಸರದ."

ಸೋಮವಾರ ಬೆಳಗ್ಗೆ 10.20. ಶಹಾಪುರ ಠಾಣೆ ತುಂಬ ಜನ. ಎಲ್ಲರೆದುರಿಗೆ ಹೀಗಂದದ್ದು ಹೊಸ ಕಾಂಪ್ಲೆಕ್ಸಿನ ಮಾಲೀಕ ಅಮರಪ್ಪ, ಅನ್ನಿಸಿಕೊಂಡದ್ದು ಅವನ ಹಿಂದೆ ನಿಂತಿದ್ದ ನಳದ ಮಿಸ್ತ್ರಿ ಯಂಕಣ್ಣ. ಯಂಕಣ್ಣ ನೆಲ ನೋಡಿದ.

ಕಾಂಪ್ಲೆಕ್ಸಿನ ಮುಂದಿನ ನಳ ಕಳುವಾಗಿದೆ ಎಂಬುದು ದೂರು. ಸಾದಾ ನಳವಲ್ಲ. ಆಳುದ್ದದ್ದು, ಗಾಳಿಯಲ್ಲಿ ತೇಲುತ್ತಿತ್ತು. ಹಿಂದೆ ಪೈಪಿಲ್ಲ, ಮೇಲೆ ಹಗ್ಗವಿಲ್ಲ, ಆದರೂ ಧೋ ಧೋ ನೀರು. ಸುರಪುರ, ಯಾದಗಿರಿಯಿಂದಲೂ ಜನ ಸೆಲ್ಫಿಗೆ ಬರುತ್ತಿದ್ದರು. ನೀರು ಎಲ್ಲಿಂದ ಬರುತ್ತಿತ್ತೆಂದು ಇನ್‌ಸ್ಪೆಕ್ಟರ್ ಚಂದ್ರಕಲಾ ಯಂಕಣ್ಣನನ್ನು ಕೇಳಿದ್ದೇ ತಪ್ಪಾಯಿತು. ಅದೆಲ್ಲ ಹೈದರಾಬಾದಿನ ಇಂಜಿನಿಯರನ ತಲೆ ಎಂದ ಅಮರಪ್ಪ. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಸ್ಥಳ ಪಂಚನಾಮೆ. ಕಾಂಪ್ಲೆಕ್ಸಿನ ಮುಂದಿನ ಸಣ್ಣ ಕೊಳದ ನಡುವೆ ಗಾಜಿನಂಥ ಪೈಪೊಂದು ಬೋಳಾಗಿ ನಿಂತಿತ್ತು. ಅದೇ ನಳವನ್ನು ಹೊರುತ್ತಿತ್ತು. ಒಳಗೆ ನೀರು ಏರಿ, ನಳದ ಬಾಯಿಂದ ಪೈಪಿನ ಸುತ್ತಲೇ ಬಿದ್ದು ಅದನ್ನು ಮುಚ್ಚುತ್ತಿತ್ತು. ಮೋಟರ್ ಬಂದ್ ಆಗಿತ್ತು, ವಾಲ್ವ್ ಬಿಗಿಯಾಗಿತ್ತು. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿತ್ತು.

"ಕಸ ಬೀಳಬಾರದಂತ ಕಟ್ಯಾನ್ರಿ," ಎಂದ ಹವಾಲ್ದಾರ ಅಲ್ಲಾಬಕ್ಷ, ಬರೆಯುವುದನ್ನು ನಿಲ್ಲಿಸಿ.

"ಕಳ್ಳಗ ಯಾಕ ಬೇಕ ಆ ಉಸಾಬರಿ?" ಎಂದಳು ಚಂದ್ರಕಲಾ.

"ಕಳ್ಳಗ ಬ್ಯಾಡ್ರಿ. ಕೂಡಿಸಿದಾಂವಗ ಬೇಕು."

12.10ಕ್ಕೆ ಹೈದರಾಬಾದಿಗೆ ಫೋನು. ಚಿತ್ರ ತನ್ನದು, ಕೂಡಿಸಿದ್ದು ಶಹಾಪುರದ ಮಿಸ್ತ್ರಿ, ತನಗೆ ಅದು ಬರುವುದಿಲ್ಲ ಎಂದ ಇಂಜಿನಿಯರ. ಹೆಸರು ಕೇಳಿದರೆ ನೆನಪಿಲ್ಲವಂತೆ.

1.45ಕ್ಕೆ ಪಕ್ಕದ ಸಗರ ಊರಲ್ಲಿ ಯಂಕಣ್ಣನ ಮನೆ. ಪಂಚರ ಸಮಕ್ಷಮ ಶೋಧನೆ. ಮಂಚದ ಮೇಲೆ ಕೌದಿ ಹೊದ್ದು ಯಾರೋ ಉದ್ದಕ್ಕೆ ಮಲಗಿದ್ದರು. ಯಂಕಣ್ಣನ ತಾಯಿ ಮುದುಕಮ್ಮ ಅಡ್ಡ ನಿಂತಳು. ಬೀಗರಿಗೆ ಜ್ವರ, ಎಬ್ಬಿಸಬಾರದು ಎಂದಳು.

ಅಲ್ಲಾಬಕ್ಷ ಕೌದಿಯ ಮೇಲೆ ಬೆರಳಿಂದ ಬಡಿದ. ಟಣ್ ಅಂತು.

"ಅವ್ವಾ, ಬೀಗರ ಮೈ ಭಾಳ ಗಟ್ಟಿ ಅದ."

ಪಂಚರು ನಕ್ಕರು. ಮುದುಕಮ್ಮಳೂ ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಊಟಕ್ಕೆ ಕುಂತಿದ್ದ ಯಂಕಣ್ಣ ಕೈ ತೊಳೆದು ಎದ್ದ.

"ಯಾಕ ಒಯ್ದಿ?" ಚಂದ್ರಕಲಾ ಕೇಳಿದಳು.

"ಮಾರಾಕಲ್ರಿ."

"ಮತ್ತ?"

"ಹನ್ನೊಂದ ಸಲ ಬಿಚ್ಚಿ ಕೂಡಿಸೀನ್ರಿ ಅದನ್ನ, ನೀರು ಪೈಪ್ ಮುಚ್ಚೋತನಕ. ಉದ್ಘಾಟನೆ ದಿನ ಶಾಲು ಇಂಜಿನಿಯರಗ. ನನಗ, ಫೋಟೊದಾಗಿಂದ ಆಚಿ ಸರಿ ಅಂದ್ರು. ನಳ ಹೋದ್ರ ಕೂಡಿಸಾಕ ನನ್ನೇ ಕರೀಬೇಕಲ್ರಿ. ಆವಾಗ ತಿಳೀತದ ಯಾರದಂತ."

3.10ಕ್ಕೆ ಬಂಧನ. ಬಂಧನದ ಕಾಗದದಲ್ಲಿ ಕಳವಿನ ಉದ್ದೇಶಕ್ಕೊಂದು ಜಾಗವಿತ್ತು. ಅಲ್ಲಾಬಕ್ಷ ಸ್ವಲ್ಪ ಯೋಚಿಸಿ, 'ಕೆಲಸ ತನ್ನದೆಂದು ಯಾರೂ ಅನ್ನಲಿಲ್ಲವೆಂದು' ಅಂತ ಬರೆದ.

ಕೋರ್ಟಿಗೆ ಹೋಗುವ ಮುಂಚೆ, ಅಮರಪ್ಪ ನಳ ಗುರುತಿಸಲೆಂದು, ನಳವನ್ನೂ ಯಂಕಣ್ಣನನ್ನೂ ಹೊತ್ತ ಜೀಪು ಕಾಂಪ್ಲೆಕ್ಸಿನ ಮುಂದೆ ನಿಂತಿತು. ಒಮ್ಮೆ ಕೂಡಿಸಿ ನೋಡುತ್ತೇನೆಂದು ಅಮರಪ್ಪ ಹಟ ಹಿಡಿದ. ಚಂದ್ರಕಲಾ ಬೇಡವೆನ್ನಲಿಲ್ಲ. ಅವನ ಆಳುಗಳು ನಾಲ್ಕು ಮಂದಿ ಸೇರಿ ನಳ ಏರಿಸಿ ಮೋಟರ್ ಹಾಕಿದರು. ನೀರು ನಾಲ್ಕೂ ಕಡೆ ಚಿಮ್ಮಿತು. ಪೈಪು ಎದ್ದು ಕಂಡಿತು, ಅಮರಪ್ಪನ ಇಸ್ತ್ರಿ ಧೋತರ ತೊಯ್ದು ಮೈಗಂಟಿತು. ಚಹದಂಗಡಿ ಮುಂದಿನವರೆಲ್ಲ ಹೋ ಎಂದು ನಕ್ಕರು.

ಅಮರಪ್ಪ ಮುಖ ಒರೆಸಿಕೊಂಡು, ಅಷ್ಟೂ ಜನರ ಮುಂದೆ ಜೀಪಿನ ಕಡೆ ತಿರುಗಿದ.

"ಯಂಕಣ್ಣ, ಇದನ್ನ ಹೆಂಗ ಕೂಡಿಸಬೇಕ್ರಿ?"

ಯಂಕಣ್ಣ ಜೀಪಿಂದ ಇಳಿದ, ನೀರನ್ನು ಒಮ್ಮೆ ನೋಡಿದ. ಕೋರ್ಟು ಹತ್ತಿರವೇ ಇತ್ತು. ಅಲ್ಲಾಬಕ್ಷನ ಜೊತೆ ಆ ಕಡೆ ನಡೆದುಬಿಟ್ಟ.